ಸಹಾಯ ಬೇಕ್ರಿ: ಲಿವ್ ಇನ್ ಸರ್ವೇಗೆ ಯಾವ ಟೆಸ್ಟ್ ಹಾಕ್ಲಿ?

ನಮಸ್ಕಾರ್ರಿ, ನಾ ಧಾರವಾಡದಾಗ ಎಂ.ಎ. ಸೋಷಿಯಾಲಜಿ ಮಾಡಾಕತ್ತೀನಿ, ಟಾಪಿಕ್ ಮದ್ವಿಗಿಂತ ಮೊದ್ಲ ಕೂಡಿ ಇರೋದು. ಅಮೆರಿಕಾದ ಹಳೇ ಸ್ಟಡಿಗಳಾಗ ಹಂಗ ಇದ್ದು ಮದ್ವಿ ಆದವ್ರದ್ದ ಡಿವೋರ್ಸ್ ಜಾಸ್ತಿ ಅಂತ ಬಂದಿತ್ತು, ಆದ್ರ ಅದು ಕೂಡಿ ಇದ್ದದ್ದಕ್ಕೋ ಇಲ್ಲಾ ಅಂಥಾ ಮಂದಿ ಮೊದ್ಲಿಂದನ ಬ್ಯಾರೆ ಇರ್ತಾರೋ ಅನ್ನೋದ ಜಗಳ, ಈ ಎರಡನೇದಕ್ಕ ಸೆಲೆಕ್ಷನ್ ಎಫೆಕ್ಟ್ ಅಂತಾರ. ಇಲ್ಲಿ ಡಿವೋರ್ಸ್ ಅಳೆಯಾಕ ನನ್ ಕೈಲೆ ಆಗಂಗಿಲ್ಲ, ಬರೀ ಅಭಿಪ್ರಾಯ ಕೇಳಾಕತ್ತೀನಿ. ಪಿಜಿಯಾಗ ಇರೋರ್ಗೂ ಮನ್ಯಾಗ ಇರೋರ್ಗೂ ಈ ಅಭಿಪ್ರಾಯದಾಗ ಫರಕ್ ಇಲ್ಲ ಅನ್ನೋದು ನಲ್ ಹೈಪಾಥಿಸಿಸ್, ಅಂದ್ರ ಟೆಸ್ಟ್ ಮಾಡಿ ನೋಡೋ ಊಹೆ. ಫಾರ್ಮ್ ಬರೀ 38 ಬಂದಾವ (2010ರಾಗ ಸುಪ್ರೀಂ ಕೋರ್ಟ್ ಕೂಡಿ ಇರೋದು ಅಪರಾಧ ಅಲ್ಲ ಅಂದ್ರೂ ನಮ್ಮ ಮಂದಿ ಫಾರ್ಮ್ ನೋಡಿದ್ರ ಮಾರಿ ತಿರುಗಸ್ತಾರ), ಟೇಬಲ್ಲಿನ ಒಂದ್ ಸೆಲ್‌ನ್ಯಾಗ ಎಕ್ಸ್‌ಪೆಕ್ಟೆಡ್ ಕೌಂಟ್ (ಫರಕ್ ಇಲ್ಲಂದ್ರ ಬರಬೇಕಾದ ಮಂದಿ ಎಣಿಕೆ) 5ಕ್ಕಿಂತ ಕಮ್ಮಿ. ಚೈ ಸ್ಕ್ವೇರ್ ಟೆಸ್ಟ್ ಬಿಟ್ಟು, ಎಣಿಕೆ ಸಣ್ಣದಿದ್ದಾಗ ಹಾಕೋ ಫಿಶರ್ ಟೆಸ್ಟ್ ಹಾಕ್ಲ್ಯಾ? ಹುಬ್ಬಳ್ಳಿ ಕಡೆ ಹೆಸರಿಲ್ದ ಫಾರ್ಮ್ ತುಂಬೋರು ಯಾರರ ಇದ್ರ ಹೇಳ್ರಿ.