ಪುಟ್ಟಿ, ದುಡ್ಡಿನ ಪಾಠ ಯಾರು ಮಾಡಿಕೊಟ್ಟಿದ್ದಾರೆ ಅಂತ ಮೊದಲು ನೋಡು

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ಮುಂದಿನ ವಾರದಿಂದ ಒಂಬತ್ತನೇ ಕ್ಲಾಸಿಗೆ ದುಡ್ಡಿನ ಪಾಠ ನೀನೇ ಮಾಡಬೇಕಂತೆ. ಪುಸ್ತಕ ಇಲ್ಲ, ನೆಟ್‌ನಲ್ಲಿ ಸಿಕ್ಕಿದ್ದು ನೋಡಿಕೊಂಡು ಮಾಡಿ ಅಂದರಂತೆ. "ನಾನು ವಿಜ್ಞಾನದ ಟೀಚರ್, ಎಕನಾಮಿಕ್ಸ್ ಓದೇ ಇಲ್ಲ, ಯಾವುದನ್ನು ನಂಬಲಿ ದೊಡ್ಡಮ್ಮ" ಅಂತ ಕೇಳಿದ್ದೀಯ. ಬರೆಯುತ್ತಾ ಕೂತರೆ ಬೆರಳು ನೋಯುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು. ಗ್ರೂಪಿನಲ್ಲಿರುವ ಉಳಿದವರೂ ಕೇಳಿ, ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ.

ಮೊದಲು ಹೆದರಿಕೆ ಬಿಡು. ನಿನ್ನ ಅಪ್ಪ ಲೆಕ್ಕದಲ್ಲಿ ಹೇಗೆ, ನಿನ್ನ ಅತ್ತೆ ಅಷ್ಟು ಕಷ್ಟದಲ್ಲೂ ಮನೆ ಖರ್ಚು ಹೇಗೆ ತೂಗಿಸಿದಳು, ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಉಳಿತಾಯ, ಸಾಲ, ಬಡ್ಡಿ ನಿನಗೂ ಹೊಸದಲ್ಲ. ಆದರೆ ಒಂದು ಮಾತು. ಯಾವ ಪಾಠವನ್ನೇ ಆಗಲಿ ಮಕ್ಕಳ ಮುಂದೆ ಇಡುವ ಮೊದಲು, ಅದನ್ನು ಮಾಡಿದವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡು. ವಿಡಿಯೋ ಚೆನ್ನಾಗಿದೆಯಾ, ಮಕ್ಕಳಿಗೆ ಇಷ್ಟ ಆಗುತ್ತದಾ ಅನ್ನುವುದೆಲ್ಲ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನ್ನ ಕಣ್ಣ ಮುಂದೆಯೇ ನಡೆದಿದೆ. ರಿಟೈರ್ ಆಗುವ ಮುಂಚೆ ನಾನು ಎಕನಾಮಿಕ್ಸ್ ಹೇಳಿಕೊಡುತ್ತಿದ್ದ ಸ್ಕೂಲಿಗೆ ಒಂದು ಹಣಕಾಸು ಕಂಪನಿಯವರು ಬಂದರು. ಆನ್‌ಲೈನ್ ಪಾಠ, ಪೂರ್ತಿ ಉಚಿತ. ಕಾರ್ಟೂನ್ ವಿಡಿಯೋ, ಕ್ವಿಜ್, ಕೊನೆಗೆ ಸರ್ಟಿಫಿಕೇಟ್. ಎಲ್ಲರಿಗೂ ಖುಷಿ. ನಾನು ಕೂತು ಪೂರ್ತಿ ನೋಡಿದೆ. ಮೊದಲ ಪಾಠಗಳು ನಿಜವಾಗಿಯೂ ಚೆನ್ನಾಗಿದ್ದವು. ಬೇಕಾದದ್ದು ಯಾವುದು, ಆಸೆ ಯಾವುದು ಅಂತೆಲ್ಲ ಮುದ್ದಾಗಿ ಹೇಳಿದ್ದರು. ಕೊನೆಯ ಪಾಠದಲ್ಲಿ ಒಂದು ಕ್ಯಾಲ್ಕುಲೇಟರ್ ಇತ್ತು. ವರ್ಷಕ್ಕೆ ನೂರಕ್ಕೆ 15ರ ಲೆಕ್ಕದಲ್ಲಿ, ಒಂದು ವರ್ಷವೂ ಕೆಳಗೆ ಬೀಳದೆ, 30 ವರ್ಷ ಬೆಳೆಯುವ ಗ್ರಾಫ್. ಇವತ್ತಿನ 100 ಆಗ 6,621. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಬೆಲೆ ಏರಿಕೆಯ ಮಾತಿಲ್ಲ, ನಷ್ಟದ ಮಾತಿಲ್ಲ, ಕಂಪನಿ ತೆಗೆದುಕೊಳ್ಳುವ ಶುಲ್ಕದ ಮಾತಂತೂ ಇಲ್ಲವೇ ಇಲ್ಲ.

ಶುಲ್ಕ ಅಂದರೆ ಚಿಲ್ಲರೆ ವಿಷಯ ಅಂದುಕೊಳ್ಳಬೇಡ. 100ನ್ನು ವರ್ಷಕ್ಕೆ 8 ಪರ್ಸೆಂಟಿನಂತೆ 30 ವರ್ಷ ಬಿಟ್ಟರೆ ಸುಮಾರು 1,006 ಆಗುತ್ತದೆ. ಅದರಲ್ಲಿ ವರ್ಷ ವರ್ಷ 2 ಪರ್ಸೆಂಟ್ ಶುಲ್ಕಕ್ಕೆ ಹೋಗಿ 6 ಉಳಿದರೆ ಆಗುವುದು 574. ಕೇಳಲು ಎರಡೇ ಎರಡು ಅಲ್ವಾ? ಕೊನೆಗೆ ಕೈಗೆ ಬರುವುದರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಮಾಯ. ಈ ಲೆಕ್ಕ ಹೇಳಿಕೊಡದ ಪಾಠವನ್ನು ದುಡ್ಡಿನ ಪಾಠ ಅಂತ ನಾನು ಒಪ್ಪುವುದಿಲ್ಲ.

ಆಮೇಲೆ ಏನಾಯಿತು ಅಂದರೆ, ಸರ್ಟಿಫಿಕೇಟ್ ಬೇಕಾದರೆ ಅಪ್ಪ ಅಮ್ಮನ ಫೋನ್ ನಂಬರ್, ಮನೆಯ ಆದಾಯ ತುಂಬಬೇಕಿತ್ತು. ಮಕ್ಕಳು ತುಂಬಿದರು. ಎರಡೇ ವಾರದಲ್ಲಿ ಮನೆಮನೆಗೆ ಫೋನ್. "ನಿಮ್ಮ ಮಗಳು ನಮ್ಮ ಕೋರ್ಸ್ ಮುಗಿಸಿದ್ದಾಳೆ" ಅಂತ ಶುರು. ಒಬ್ಬ ಹುಡುಗಿಯ ತಾಯಿ, ಗಂಡ ತೀರಿಕೊಂಡು ಒಬ್ಬಳೇ ಮನೆ ನಡೆಸುತ್ತಿದ್ದವಳು, ಠೇವಣಿ ಮುರಿದು ಅವರ ಯಾವುದೋ ದೀರ್ಘಾವಧಿ ಯೋಜನೆಗೆ ಹಾಕಿಬಿಟ್ಟಳು. ಮರುವರ್ಷ ದುಡ್ಡಿನ ಅವಸರ ಬಿತ್ತು. ಅವಧಿಗೆ ಮೊದಲು ತೆಗೆದರೆ ಇಷ್ಟು ಕಡಿತ ಅಂತ ಆಗ ಗೊತ್ತಾಯಿತು. ಸ್ಟಾಫ್ ರೂಮಿಗೆ ಬಂದು ಒಂದೇ ಮಾತು ಹೇಳಿದಳು: "ಸ್ಕೂಲಿನಲ್ಲೇ ಹೇಳಿಕೊಟ್ಟರು ಅಂತ ನಂಬಿದೆ ಮೇಡಂ." ಆ ಹುಡುಗಿ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ತನ್ನದು ಅಂದುಕೊಂಡಿತ್ತು ಮಗು.

ಅದಕ್ಕೇ ಮತ್ತೆ ಹೇಳುತ್ತೇನೆ ಪುಟ್ಟಿ. ಪಾಠ ಮಾಡಿದವರು ಯಾರು, ಅವರು ಹೊಟ್ಟೆಪಾಡಿಗೆ ಏನು ಮಾರುತ್ತಾರೆ, ಅದನ್ನು ಮೊದಲು ನೋಡು. ಮಗುವಿನ ಹೆಸರು, ಮನೆಯ ನಂಬರ್, ಆದಾಯ ಕೇಳಿದರೆ ಆ ಪುಟ ಅಲ್ಲೇ ಮುಚ್ಚು.

ಆ ಕೋರ್ಸ್ ಶುರು ಮಾಡುವ ಮುಂಚೆಯೇ ನಾನು ಹೆಡ್ಮಾಸ್ಟರ ಹತ್ತಿರ ಹೋಗಿದ್ದೆ. "ಉಚಿತವಾಗಿ ಕೊಡುತ್ತಿದ್ದಾರೆ, ನಿಮಗೇನು ಕಷ್ಟ" ಅಂದರು. ಅಷ್ಟು ವರ್ಷ ಎಕನಾಮಿಕ್ಸ್ ಹೇಳಿಕೊಟ್ಟವಳ ಮಾತಿಗೆ ಅಷ್ಟೇ ಬೆಲೆ. ಯಾವಾಗಲೂ ಹಾಗೇ ಇತ್ತು. ಗಣಿತದ ಪೋರ್ಷನ್ ಮುಗಿದಿಲ್ಲವಾ, ನನ್ನ ಪೀರಿಯಡ್ ತಗೊಳ್ಳಿ. ವಾರ್ಷಿಕೋತ್ಸವದ ರಿಹರ್ಸಲ್ಲಾ, ನನ್ನ ಪೀರಿಯಡ್. ಬೇಡಿಕೆ, ಪೂರೈಕೆ ಗೆರೆ ಎಳೆದು ಬಾಯಿಪಾಠ ಮಾಡಿಸಿದರೆ ಆಯಿತು, ಇದಕ್ಕೇನು ಟೀಚರ್ ಬೇಕಾ ಅಂತ ನನ್ನ ಎದುರಿಗೇ ಅಂದವರಿದ್ದಾರೆ. ಅದೇ ಮಕ್ಕಳು ಹದಿನೆಂಟಕ್ಕೆ ಸಾಲದ ಆ್ಯಪ್ ಒತ್ತುವಾಗ ತಿಂಗಳ ಬಡ್ಡಿಗೂ ವರ್ಷದ ಬಡ್ಡಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ. ತಿಂಗಳಿಗೆ 3 ಪರ್ಸೆಂಟ್ ಅಂದರೆ, ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42 ದಾಟುತ್ತದೆ ಅಂತ ಯಾರು ಹೇಳಿಕೊಟ್ಟರು ಅವರಿಗೆ? ಈ ಗ್ರೂಪಿನಲ್ಲೂ ಅಷ್ಟೇ. ದುಡ್ಡು ಡಬಲ್ ಆಗುವ ಫಾರ್ವರ್ಡ್ ಬಂದರೆ ಹತ್ತು ಜನ ಮಾತಾಡುತ್ತೀರಿ. ನಾನು ಬಡ್ಡಿಯ ಬಗ್ಗೆ ಬರೆದರೆ ಒಬ್ಬರೂ ಮಾತಾಡುವುದಿಲ್ಲ. ನನಗೆ ಬೇಜಾರಾಗುತ್ತದೆ, ಹೇಳಿಬಿಡುತ್ತೇನೆ.

ಅಯ್ಯೋ, ನೀನು ಕೇಳಿದ್ದು ಏನನ್ನು ಉಪಯೋಗಿಸಲಿ ಅಂತ ಅಲ್ವಾ.

ಹೀಗೆ ಮಾಡು. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 15 ವರ್ಷದ ಮಕ್ಕಳಿಗೆ ಪೀಸಾ ಪರೀಕ್ಷೆ ನಡೆಸುತ್ತದೆ. 2012ರಲ್ಲಿ ಮೊದಲ ಸಲ ಅದರಲ್ಲಿ ಹಣದ ತಿಳುವಳಿಕೆಯ ಪ್ರಶ್ನೆಗಳನ್ನೂ ಸೇರಿಸಿದರು. ಅದರ ಕೆಲವು ಮಾದರಿ ಪ್ರಶ್ನೆಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹೆಚ್ಚುಕಡಿಮೆ ನಿನ್ನ ಮಕ್ಕಳ ವಯಸ್ಸೇ. ಯಾವ ದೇಶದ ದುಡ್ಡೂ ಅಲ್ಲ, ಜೆಡ್ ಅನ್ನುವ ಕಲ್ಪನೆಯ ನಾಣ್ಯ. ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಬಿಡಿ ಟೊಮೆಟೊ ಕಿಲೋಗೆ 2.75 ಜೆಡ್, ಹತ್ತು ಕಿಲೋ ಪೆಟ್ಟಿಗೆ 22 ಜೆಡ್. ಪೆಟ್ಟಿಗೆಯೇ ಅಗ್ಗ, ಯಾಕೆ? ಅದು ಲೆಕ್ಕ. ಅದರ ಹಿಂದೆಯೇ ಇನ್ನೊಂದು ಕೇಳುತ್ತಾರೆ: ಕೆಲವರಿಗೆ ಪೆಟ್ಟಿಗೆ ಕೊಳ್ಳುವುದು ಯಾಕೆ ತಪ್ಪು ನಿರ್ಧಾರ ಆಗಬಹುದು? ಮಕ್ಕಳು ಮಾತಾಡುವುದು ಅಲ್ಲಿಂದ. ಅಷ್ಟು ತಿನ್ನುವವರಿಲ್ಲ, ಕೊಳೆಯುತ್ತದೆ, ಒಟ್ಟಿಗೆ 22 ಕೈಯಲ್ಲಿಲ್ಲ. ಒಂದು ಪೀರಿಯಡ್ ಪೂರ್ತಿ ನಡೆಯುತ್ತದೆ, ಕಂಪ್ಯೂಟರ್ ಕೂಡ ಬೇಡ. ಇನ್ನೊಂದರಲ್ಲಿ ಬ್ಯಾಂಕಿನ ಹೆಸರಲ್ಲಿ ಲಾಗಿನ್ ವಿವರ ಕೇಳುವ ಮೋಸದ ಇಮೇಲ್ ಇದೆ. ಅದನ್ನು ಬಿಡಲೇಬೇಡ.

ನಿನಗೇ ಅರ್ಥ ಆಗಲು, ನೆಟ್‌ನಲ್ಲಿ ಉಚಿತ ಪಾಠ ಕೊಡುವ ಖಾನ್ ಅಕಾಡೆಮಿ ನೋಡು. ಲಾಭಕ್ಕೆ ನಡೆಸುವುದಲ್ಲ, ಬಡ್ಡಿ, ಬೆಲೆ ಏರಿಕೆ ಎಲ್ಲ ನಿಧಾನಕ್ಕೆ ಹೇಳುತ್ತಾರೆ. ಅಮೆರಿಕದ ಕೇಂದ್ರ ಬ್ಯಾಂಕಿನ ಭಾಗವಾದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ಟೀಚರ್‌ಗಳಿಗೆ ಅಂತಲೇ ಉಚಿತ ಪಾಠ ಇಟ್ಟಿದೆ, ಎಕಾನ್ ಲೋಡೌನ್ ಅಂತ ಹೆಸರು. ನೆಕ್ಸ್ಟ್ ಜೆನ್ ಪರ್ಸನಲ್ ಫೈನಾನ್ಸ್ ಅನ್ನುವ ಲಾಭರಹಿತ ಸಂಸ್ಥೆಯದೂ ಉಚಿತವೇ, ಕ್ಲಾಸಿನಲ್ಲಿ ಆಡಿಸುವ ಆಟಗಳಿವೆ. ಇವುಗಳಲ್ಲಿ ಬಜೆಟ್, ಚಕ್ರಬಡ್ಡಿ, ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ ಅನ್ನುವ ಪಾಠ, ಇವನ್ನು ತಗೋ. ತೆರಿಗೆ, ಕ್ರೆಡಿಟ್ ಸ್ಕೋರ್, ಕಾಲೇಜು ಸಾಲ ಬಿಟ್ಟುಬಿಡು, ಅವು ಅವರ ದೇಶದ ಕಾನೂನು. ಆ ಭಾಗಕ್ಕೆ ಮಕ್ಕಳು ಇರುವ ದೇಶದ ಕೇಂದ್ರ ಬ್ಯಾಂಕಿನ ವೆಬ್‌ಸೈಟ್‌ಗೇ ಹೋಗಬೇಕು. ಕೋರ್ ಎಕಾನ್ ಅಂತ ಒಂದಿದೆ, ಎಕನಾಮಿಕ್ಸ್ ಪುಸ್ತಕ, ತುಂಬಾ ಚೆನ್ನಾಗಿದೆ, ಆದರೆ ಕಾಲೇಜಿನವರಿಗೆ. ಈಗ ಬೇಡ.

ಮೊದಲ ಕ್ಲಾಸಿಗೆ ಟೊಮೆಟೊ, ಎರಡನೆಯದಕ್ಕೆ ಶುಲ್ಕದ ಲೆಕ್ಕ. ಆ 1,006 ಮತ್ತು 574 ಮಕ್ಕಳ ಕೈಯಲ್ಲೇ ಕ್ಯಾಲ್ಕುಲೇಟರ್ ಕೊಟ್ಟು ಮಾಡಿಸು, ಬೋರ್ಡ್ ಮೇಲೆ ನೀನು ಬರೆಯಬೇಡ. ಸ್ಕೂಲಿನವರು ಬೇರೆ ಯಾವುದಾದರೂ ಲಿಂಕ್ ಕೊಟ್ಟಿದ್ದರೆ ಇಲ್ಲೇ ಹಾಕು, ನಾನು ಕೊನೆಯ ಪುಟದವರೆಗೆ ನೋಡಿ ಹೇಳುತ್ತೇನೆ.