ಗಡಿ ಊರಿನವರೇ ಗೋಡೆ ಕಟ್ಟುವವರಿಗೆ ವೋಟು ಹಾಕಿದ್ದು ಯಾಕೆ?

ಪೆರ್ಲದ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಎಣ್ಮಕಜೆ ಪಂಚಾಯತಿನವನು. ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ 28 ವರ್ಷ ಸಮಾಜ ಪಾಠ ಮಾಡಿ ನಿವೃತ್ತನಾದೆ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಭಾನುವಾರ ಸಂಜೆ ಊರಿನ ವಾಚನಾಲಯದಲ್ಲಿ ಏಳೆಂಟು ಹುಡುಗರು ಸೇರುತ್ತಾರೆ. ಪೇಪರ್ ಓದಿ ಮಾತಾಡುತ್ತೇವೆ.

2016ರಲ್ಲಿ ಅಲ್ಲಿ ನಾನೊಂದು ಮಾತು ಹೇಳಿದ್ದೆ. ಅದರ ಹಿಂದಿನ ವರ್ಷ, 2015ರ ಜೂನ್‌ನಲ್ಲಿ, ಡೊನಾಲ್ಡ್ ಟ್ರಂಪ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಇಳಿದ ದಿನವೇ ಮೆಕ್ಸಿಕೋದಿಂದ ಬರುವವರು ಡ್ರಗ್ಸ್ ತರುತ್ತಾರೆ, ಅಪರಾಧ ತರುತ್ತಾರೆ, ಅತ್ಯಾಚಾರಿಗಳು ಎಂದೆಲ್ಲ ಮಾತಾಡಿದ್ದರು. ಗಡಿಯಲ್ಲಿ ಗೋಡೆ ಕಟ್ಟುತ್ತೇನೆ ಎಂದಿದ್ದರು. ಆಗ ಹುಡುಗರಿಗೆ ನಾನು ಹೇಳಿದ್ದು ಇಷ್ಟು: ಬಿಳಿಯರ ವೋಟು ಇವರಿಗೆ ಸಿಗಬಹುದು, ಲ್ಯಾಟಿನೋಗಳ, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದವರ ವೋಟು ಯಾವ ಕಾಲಕ್ಕೂ ಸಿಗುವುದಿಲ್ಲ. ಬೈದವರಿಗೆ ಯಾರು ವೋಟು ಹಾಕುತ್ತಾರೆ? ಬೋರ್ಡಿನಲ್ಲಿ ಬಿಳಿಯರು, ಕಪ್ಪು ಜನ, ಲ್ಯಾಟಿನೋ, ಏಷ್ಯಾದವರು ಅಂತ ನಾಲ್ಕು ಕಾಲಂ ಎಳೆದು ತೋರಿಸಿದ್ದೆ.

ಆಗ ಎಂಟನೇ ಕ್ಲಾಸಿನಲ್ಲಿದ್ದ ಒಬ್ಬ ಹುಡುಗ ಈಗ ಮಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾನೆ. ಹೋದ ಭಾನುವಾರ ಬಂದವನು ಮೊಬೈಲಿನಲ್ಲಿ ಟೆಕ್ಸಾಸ್‌ನ ಸ್ಟಾರ್ ಕೌಂಟಿಯ ಲೆಕ್ಕ ತೋರಿಸಿದ. ಕೌಂಟಿ ಅಂದರೆ ನಮ್ಮ ತಾಲೂಕಿನ ಹಾಗೆ ಅಂದುಕೊಳ್ಳಿ. ರಿಯೋ ಗ್ರಾಂಡೆ ನದಿಯ ಈಚೆ ದಡ. ಆಚೆ ದಡ ಮೆಕ್ಸಿಕೋ. ಅಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಲ್ಯಾಟಿನೋಗಳು. 2016ರಲ್ಲಿ ಟ್ರಂಪ್‌ಗೆ ಅಲ್ಲಿ ಸಿಕ್ಕಿದ್ದು ಸುಮಾರು 19 ಶೇಕಡಾ ವೋಟು. 2020ರಲ್ಲಿ ಅದು 47ಕ್ಕೆ ಏರಿತು. 2024ರಲ್ಲಿ ಹತ್ತಿರ ಹತ್ತಿರ 58. ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಅಲ್ಲಿ ಅದಕ್ಕೆ ಮೊದಲು ಗೆದ್ದದ್ದು 1892ರಲ್ಲಂತೆ!

"ಮಾಷ್ಟ್ರೇ, ನಿಮ್ಮ ಕಾಲಂ ಎಲ್ಲಿ ತಪ್ಪಿತು?" ಎಂದು ಕೇಳಿದ. ಕುಹಕದಿಂದ ಅಲ್ಲ, ತಿಳಿಯಬೇಕು ಅಂತಲೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ವರ್ಷ ಆ ಮಕ್ಕಳ ತಲೆಯಲ್ಲಿ ನನ್ನ ಮಾತು ಕೂತಿತ್ತಲ್ಲ, ಅದು ನನಗೆ ಬಹಳ ಬೇಸರ ತಂದಿದೆ. ಬಲ್ಲವರು ಹೇಳಿ. ಟ್ರಂಪ್ ಒಳ್ಳೆಯವರೋ ಕೆಟ್ಟವರೋ ಎಂಬ ಜಗಳ ಇಲ್ಲಿ ಬೇಡ. ಯಾರು ಹಾಕಿದರು, ಯಾಕೆ ಹಾಕಿದರು ಅಷ್ಟೇ ಬೇಕು.

ಹೊಸಂಗಡಿ ಅಂಗಡಿ:

ರೇಟು ಮಾಷ್ಟ್ರೇ, ರೇಟು. ನನ್ನದು ದಿನಸಿ ಅಂಗಡಿ. 2025ರಲ್ಲಿ ತೆಂಗಿನೆಣ್ಣೆ ರೇಟು ಏರಿದಾಗ ಗಿರಾಕಿಗಳ ಮುಖ ನೋಡಿದವನು ನಾನು. ದಿನಾ ಬರುವವರು ಲೀಟರ್ ಬಿಟ್ಟು ಕಾಲು ಲೀಟರ್ ಕೇಳಿದರು. ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಬೆಲೆಯೇರಿಕೆ 9.1 ಶೇಕಡಾಕ್ಕೆ ಹೋಗಿತ್ತು. 40 ವರ್ಷದಲ್ಲೇ ಜಾಸ್ತಿ. ಆಗ ಅಧಿಕಾರದಲ್ಲಿ ಇದ್ದವರು ಬೈಡನ್. ವರ್ಷಕ್ಕೆ 50,000 ಡಾಲರ್‌ಗಿಂತ ಕಮ್ಮಿ ದುಡಿಯುವ ಮನೆಗಳವರು 2020ರಲ್ಲಿ ಬೈಡನ್ ಕಡೆ ಜಾಸ್ತಿ ಇದ್ದರು, 2024ರಲ್ಲಿ ಟ್ರಂಪ್ ಕಡೆ ವಾಲಿದರು. ಜೇಬು ಖಾಲಿಯಾದರೆ ಯಾರು ಯಾವಾಗ ಏನು ಬೈದರು ಅಂತ ಯಾರಿಗೂ ನೆನಪಿರುವುದಿಲ್ಲ.

ಪೆರ್ಲದ ಮಾಷ್ಟ್ರು:

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮೊಟ್ಟೆಯ ರೇಟು ಕಪ್ಪು ಜನರಿಗೂ ಏರಿತ್ತು ಅಲ್ವಾ? ಮತಗಟ್ಟೆ ಸಮೀಕ್ಷೆಯಲ್ಲಿ ಅವರಲ್ಲಿ ನೂರಕ್ಕೆ 86 ಮಂದಿ ಬೈಡನ್ ಪಕ್ಷದ ಅಭ್ಯರ್ಥಿ ಕಮಲಾ ಹ್ಯಾರಿಸ್ ಜೊತೆಗೇ ನಿಂತರು. ಒಂದೇ ರೇಟು, ಒಂದೇ ಪೇಟೆ, ವೋಟು ಮಾತ್ರ ಬೇರೆ. ನನ್ನ ತಲೆ ಕೊರೆಯುತ್ತಿರುವುದು ಅದೇ.

ಉಪ್ಪಳದವ, ಈಗ ಶಾರ್ಜಾ:

ಮಾಷ್ಟ್ರಿಗೆ ಸಲಾಂ. ನಾನು ಇಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಪಕ್ಕದ ಟೇಬಲಿನವರು ಲೆಬನಾನ್‌ನವರು. ಅವರ ಕುಟುಂಬ ಅರ್ಧ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿದೆ. ಫೋರ್ಡ್ ಕಂಪನಿಯ ಊರು ಅದು. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರಬ್ ಮೂಲದವರು. 2017ರ ಜನವರಿಯಲ್ಲಿ ಟ್ರಂಪ್ ಏಳು ಮುಸ್ಲಿಂ ದೇಶಗಳವರು ಬರದ ಹಾಗೆ ಆದೇಶ ಹೊರಡಿಸಿದರಲ್ಲ, ಅದರಲ್ಲಿ ಯೆಮನ್ ಕೂಡ ಇತ್ತು. ಡಿಯರ್‌ಬಾರ್ನ್‌ನಲ್ಲಿ ಯೆಮನಿಗಳು ಬಹಳ. 2020ರಲ್ಲಿ ಆ ಊರು ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ವೋಟು ಬೈಡನ್‌ಗೆ ಕೊಟ್ಟಿತು.

2024ರಲ್ಲಿ ಅದೇ ಊರಿನಲ್ಲಿ ಟ್ರಂಪ್‌ಗೆ ಸುಮಾರು 42 ಶೇಕಡಾ, ಹ್ಯಾರಿಸ್‌ಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18. ಕಾರಣ ಗಾಜಾ. ಬೈಡನ್ ಸರ್ಕಾರ ಇಸ್ರೇಲಿಗೆ ಬಾಂಬು ಕೊಡುತ್ತಾ ಇರುವಾಗ ಆ ಜನರಿಗೆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ನನ್ನ ಸಹೋದ್ಯೋಗಿಯ ಮಾವ ಟ್ರಂಪ್‌ಗೆ ಹಾಕಿದರು. ತಮ್ಮ ಸ್ಟೈನ್‌ಗೆ ಹಾಕಿದ. ತಂಗಿ ಅಳುತ್ತಾ ಹ್ಯಾರಿಸ್‌ಗೆ ಹಾಕಿದಳು, ಮತ್ತೆ ಎರಡು ತಿಂಗಳು ಮಾವನ ಹತ್ತಿರ ಮಾತು ಬಿಟ್ಟಳು. ಒಂದೇ ಮಸೀದಿ, ಒಂದೇ ದುಃಖ. ಮೂರು ವೋಟು.

ಮಾವನಿಗೆ ಟ್ರಂಪ್ ಮೇಲೆ ಪ್ರೀತಿ ಏನೂ ಇಲ್ಲವಂತೆ. "ನನ್ನ ವೋಟು ತಮ್ಮ ಜೇಬಿನಲ್ಲೇ ಇದೆ ಅಂದುಕೊಂಡವರಿಗೆ ಅದು ಹೋಗಬಾರದಿತ್ತು" ಎಂದರಂತೆ. ಮಾಷ್ಟ್ರೇ, ನಿಮ್ಮ ಲ್ಯಾಟಿನೋ ಕಾಲಂನಲ್ಲಿಯೂ ಈ ಮಾತು ಇರಬಹುದು.

ಕುಂಬಳೆ ಲೆಕ್ಕದ ಟೀಚರ್:

ಮಾಷ್ಟ್ರೇ, ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತೇನೆ. ನಿಮ್ಮ ಬೋರ್ಡಿನ ತಪ್ಪು ಕಾಲಂ ಎಳೆದದ್ದಲ್ಲ. ಒಬ್ಬ ಮನುಷ್ಯ ಒಂದೇ ಕಾಲಂನಲ್ಲಿ ಇರುತ್ತಾನೆ ಅಂದುಕೊಂಡದ್ದು.

ಮೊದಲು ಲೆಕ್ಕದ ಮಾತು. ಮತಗಟ್ಟೆ ಸಮೀಕ್ಷೆ ಅಂದರೆ ವೋಟು ಹಾಕಿದವರನ್ನು ಅಂದಂದೇ ಕೇಳುವುದು. ಅದರಲ್ಲಿ ಲ್ಯಾಟಿನೋಗಳ ಪೈಕಿ ಟ್ರಂಪ್‌ಗೆ 46 ಶೇಕಡಾ ಬಂತು. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆಯವರು ನಿಧಾನವಾಗಿ, ನಿಜಕ್ಕೂ ವೋಟು ಹಾಕಿದ್ದಾರಾ ಅಂತ ದಾಖಲೆಯಲ್ಲಿ ತಾಳೆ ನೋಡಿ, 2025ರ ಜೂನ್‌ನಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ 48. ಎರಡರಲ್ಲೂ ಹ್ಯಾರಿಸ್ ಸ್ವಲ್ಪ ಮುಂದೆಯೇ ಇದ್ದಾರೆ. ಅಂದರೆ ಲ್ಯಾಟಿನೋಗಳು ಟ್ರಂಪ್ ಕಡೆ ಹೋದರು ಎಂದು ಹೇಳುವುದೂ ಸರಿಯಲ್ಲ. ಅರ್ಧಕ್ಕರ್ಧ ಒಡೆದರು. ನಿಮ್ಮ ಹುಡುಗನಿಗೆ ಇದನ್ನು ಖಂಡಿತ ಹೇಳಿ.

ಒಡೆದದ್ದು ಎಲ್ಲಿ ಅಂತ ನೋಡಿದರೆ ಗಂಡಸರು, ಹೆಂಗಸರು ಬೇರೆ ಬೇರೆ. ಮತಗಟ್ಟೆ ಸಮೀಕ್ಷೆಯಲ್ಲಿ ಲ್ಯಾಟಿನೋ ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಂಪ್‌ಗೆ ಹಾಕಿದ್ದಾರೆ, ಹೆಂಗಸರಲ್ಲಿ ಇಲ್ಲ. ಇಡೀ ದೇಶದಲ್ಲಿ ಗಂಡಸರ ಪೈಕಿ 55 ಶೇಕಡಾ ಟ್ರಂಪ್‌ಗೆ, ಹೆಂಗಸರ ಪೈಕಿ 45. ಹಾಗಾದರೆ ಹೆಂಗಸರು ಅವರಿಗೆ ವಿರುದ್ಧ ಅಂತ ಬರೆದುಬಿಡೋಣವೇ? ಬಿಳಿ ಹೆಂಗಸರಲ್ಲಿ 53 ಶೇಕಡಾ ಅವರಿಗೇ ಹಾಕಿದ್ದಾರೆ! ಅಲ್ಲಿಂದ ಇನ್ನೂ ಒಳಗೆ ಹೋದರೆ ಡಿಗ್ರಿಯ ಗೆರೆ ಸಿಗುತ್ತದೆ. ಡಿಗ್ರಿ ಇಲ್ಲದ ಬಿಳಿಯರಲ್ಲಿ ಮೂರರಲ್ಲಿ ಎರಡು ಪಾಲು ಟ್ರಂಪ್ ಕಡೆ. ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ, ಅಂದರೆ ಬೈಬಲ್ಲನ್ನು ಕಟ್ಟುನಿಟ್ಟಾಗಿ ನಂಬುವ ಪಂಗಡದವರಲ್ಲಿ, 80 ದಾಟುತ್ತದೆ.

ನನ್ನ ಕಣ್ಣಿಗೆ ಬಣ್ಣದಷ್ಟೇ ದೊಡ್ಡ ಗೆರೆ ಈ ಡಿಗ್ರಿಯದ್ದು. ಓದಿದವರು ಬುದ್ಧಿವಂತರು, ಓದದವರು ದಡ್ಡರು ಅಂತ ಕೆಲವರು ಇದನ್ನು ಓದುತ್ತಾರೆ. ನನಗೆ ಸಿಟ್ಟು ಬರುತ್ತದೆ. ಡಿಗ್ರಿ ಅಂದರೆ ಅಲ್ಲಿ ಯಾವ ಊರಿನಲ್ಲಿ ಇರುತ್ತೀರಿ, ಎಂಥ ಕೆಲಸ ಸಿಗುತ್ತದೆ, ಯಾರ ಜೊತೆ ಉಣ್ಣುತ್ತೀರಿ ಎಲ್ಲವೂ ಹೌದು. ಕಾರ್ಖಾನೆ ಮುಚ್ಚಿದ ಊರಿನಲ್ಲಿ ಉಳಿದವನಿಗೂ ಅದೇ ಊರು ಬಿಟ್ಟು ಸಿಟಿಗೆ ಹೋಗಿ ಆಫೀಸಿನಲ್ಲಿ ಕೂತವನಿಗೂ ದೇಶ ಒಂದೇ ಥರ ಕಾಣುವುದಿಲ್ಲ.

ನಮ್ಮ ಮನೆಯನ್ನೇ ನೋಡಿ. ಅಜ್ಜಿಯ ಮಾತು ತುಳು. ನಾನು ಓದಿದ್ದು ಕನ್ನಡದಲ್ಲಿ. ರೇಷನ್ ಕಾರ್ಡಿನ ಅಕ್ಷರ ಮಲಯಾಳಂ. ಗಂಡನ ಮನೆಯಲ್ಲಿ ಮರಾಠಿ ಮಾತಾಡುತ್ತಾರೆ. ಹೊರಗಿನವರು ಬಂದು "ಕಾಸರಗೋಡಿನ ಕನ್ನಡಿಗರ ವೋಟು ಯಾರಿಗೆ?" ಎಂದು ಕೇಳಿದರೆ ನಾನು ಯಾವ ಕಾಲಂನಲ್ಲಿ ಬರಲಿ? ಲ್ಯಾಟಿನೋ ಎಂಬ ಹೆಸರಿನ ಕೆಳಗೆ ಮಯಾಮಿಯ ಕ್ಯೂಬಾದವರೂ ಇದ್ದಾರೆ, ನ್ಯೂಯಾರ್ಕಿನ ಪೋರ್ಟೋರಿಕೋದವರೂ ಇದ್ದಾರೆ, ಸ್ಟಾರ್ ಕೌಂಟಿಯ ಮೆಕ್ಸಿಕೋ ಮೂಲದವರೂ ಇದ್ದಾರೆ. ಕ್ಯೂಬಾದ ಕಮ್ಯುನಿಸ್ಟ್ ಸರ್ಕಾರದಿಂದ ಓಡಿ ಬಂದವರ ಮಕ್ಕಳಿಗೆ ಇರುವ ಹೆದರಿಕೆಯೇ ಬೇರೆ.

ಇನ್ನೊಂದು. ಸ್ವಲ್ಪ ಜನ ಕದಲಿದರೆ ಸಾಕು. 2016ರಲ್ಲಿ ಇಡೀ ಮಿಷಿಗನ್ ರಾಜ್ಯ ಟ್ರಂಪ್‌ಗೆ ಸಿಕ್ಕಿದ್ದು 10,704 ವೋಟಿನಿಂದ. ಅದೇ ವರ್ಷ ನಮ್ಮ ಮಂಜೇಶ್ವರ ವಿಧಾನಸಭೆಯ ಫಲಿತಾಂಶ ನಿಂತದ್ದು 89 ವೋಟಿನ ಮೇಲೆ. ಆ 89 ಯಾವ ಜಾತಿ, ಯಾವ ಭಾಷೆ ಅಂತ ಊರಲ್ಲಿ ಎಷ್ಟು ದಿನ ಚರ್ಚೆ ಆಯಿತು, ನೆನಪಿದೆಯಾ?

ಪೆರ್ಲದ ಮಾಷ್ಟ್ರು:

ಟೀಚರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಉಪ್ಪಳದ ತಮ್ಮಾ, ನಿನ್ನ ಸಹೋದ್ಯೋಗಿಯ ತಂಗಿಯ ವಿಷಯ ಓದಿ ಸಂಕಟವಾಯಿತು.

ರಾತ್ರಿ ಕೂತು ಯೋಚಿಸುವಾಗ ನನಗೊಂದು ನೆನಪಾಯಿತು. ಟೆಕ್ಸಾಸ್ ಕಡೆಯ ಮೆಕ್ಸಿಕೋ ಮೂಲದವರಲ್ಲಿ ಒಂದು ಮಾತಿದೆ: ಗಡಿಯನ್ನು ನಾವು ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು. 1848ರಲ್ಲಿ ಯುದ್ಧ ಮುಗಿದು ಒಪ್ಪಂದವಾದಾಗ ರಿಯೋ ಗ್ರಾಂಡೆ ಗಡಿಯಾಯಿತು. ಈಚೆ ದಡದಲ್ಲಿ ಮೊದಲೇ ಮನೆ, ಹಟ್ಟಿ, ದನಕರು ಇದ್ದವರು ಕೂತಲ್ಲೇ ಅಮೆರಿಕದವರಾದರು. ಇದನ್ನು ನಮಗೆ ಯಾರೂ ವಿವರಿಸಬೇಕಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನನ್ನ ಅಪ್ಪ ಅದೇ ಮನೆಯ ಅದೇ ಜಗಲಿಯಲ್ಲಿ ಕೂತಲ್ಲೇ ಕೇರಳದವರಾದರು.

ಹಾಗಿದ್ದೂ ಅವರು ಗೋಡೆಗೆ ವೋಟು ಹಾಕಿದರಲ್ಲ ಅಂತ ನನಗೆ ಆಶ್ಚರ್ಯ. ಆದರೆ 2020ರ ಮಾರ್ಚ್ ತಿಂಗಳನ್ನು ನಾನು ಮರೆತೇಬಿಟ್ಟಿದ್ದೆ. ಕೊರೋನಾ ಬಂದು ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಪಕ್ಕದ ಮನೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕಿತ್ತು. ಹೋಗಲು ದಾರಿ ಇಲ್ಲ. ನಾನು ಫೋನ್ ಹಿಡಿದು ಅಡ್ಯನಡ್ಕದ ಭಾವನಿಗೆ ಹೇಳಿದೆ. ನಮ್ಮ ಸಾರಡ್ಕದ ಗಡಿ ದಾಟಿದರೆ ಅವರ ಊರು. ನನ್ನ ಅಕ್ಕನನ್ನು ಮದುವೆಯಾದವರು. ಅದೇ ಭಾಷೆ, ಅದೇ ಭೂತ, ಅದೇ ನಾಗಬನಕ್ಕೆ ತಂಬಿಲದ ಪೂಜೆಗೆ ಬರುವವರು. ಅವರು ಹೇಳಿದ್ದು: "ಮುಚ್ಚಿದ್ದು ಒಳ್ಳೆಯದೇ ಆಯಿತು. ನಿಮ್ಮಲ್ಲಿ ಕೇಸು ಜಾಸ್ತಿ ಉಂಟು. ಇಲ್ಲಿಗೆ ಬರುವುದು ಬೇಡ."

ನಿಮ್ಮಲ್ಲಿ ಅಂದರು. ಆ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಭಾವ ಕೆಟ್ಟವರಲ್ಲ. ಅವರಿಗೆ ಎರಡು ಸಣ್ಣ ಮೊಮ್ಮಕ್ಕಳು ಇದ್ದವು. ಗೆರೆಯ ಆ ಕಡೆ ಇದ್ದವರಿಗೆ ಕಾಯಬೇಕಾದ ಮನೆ ಆ ಕಡೆಯದ್ದು.

ಸ್ಟಾರ್ ಕೌಂಟಿಯಲ್ಲಿ ಗಡಿ ಕಾಯುವ ಪಡೆಯ ಕೆಲಸವೇ ಎಷ್ಟೋ ಮನೆಗಳ ಅನ್ನವಂತೆ. ಎಣ್ಣೆ ಬಾವಿಯ ಕೆಲಸಕ್ಕೆ ದೂರ ಹೋಗುವವರು ಇನ್ನಷ್ಟು. ಅವರ ಪಾಲಿಗೆ ಟ್ರಂಪ್ ಬೈದದ್ದು ಅವರನ್ನಲ್ಲ, ನಿನ್ನೆ ನದಿ ದಾಟಿದವರನ್ನು. ನಾನು ಇಲ್ಲಿ ಕೂತು ಅವರಿಬ್ಬರನ್ನೂ ಒಂದೇ ಕಾಲಂನಲ್ಲಿ ಬರೆದೆ. ಅವರು ತಮ್ಮನ್ನು ಹಾಗೆ ಬರೆದುಕೊಂಡಿರಲಿಲ್ಲ. ಎಲ್ಲರದ್ದೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹೊಸಂಗಡಿಯವರ ರೇಟೂ ಅದರಲ್ಲಿದೆ, ಟೀಚರ್ ಹೇಳಿದ ಡಿಗ್ರಿಯೂ ಇದೆ.

ಬರುವ ಭಾನುವಾರ ಹುಡುಗರಿಗೆ ಹೊಸ ಬೋರ್ಡು ಬರೆಯುತ್ತೇನೆ. ಮೊದಲು ಅವರವರ ಮನೆಯವರನ್ನೇ ಕಾಲಂಗೆ ಹಾಕಲು ಹೇಳುತ್ತೇನೆ. ಭಾಷೆ, ಕೆಲಸ, ಓದು, ಗಡಿಯ ಈಚೆಯೋ ಆಚೆಯೋ. ಅದಾದ ಮೇಲೆ ಟೆಕ್ಸಾಸ್.

ಉಪ್ಪಳದ ತಮ್ಮಾ, ನಿನ್ನ ಸಹೋದ್ಯೋಗಿಯ ಮಾವ ಈಗ ಏನು ಹೇಳುತ್ತಾರೆ? ತಂಗಿ ಮನೆಗೆ ಬಂದು ಹೋಗುತ್ತಾಳಾ? ಕೇಳಿ ತಿಳಿಸು.