ಬ್ರೇಕ್ ತುಳಿದ್ರೆ ಇಂಡಿಕೇಟರ್

ನಮ್ಮ ಮನೆ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜನ ಕಾರು’. ಅಜ್ಜ ಓಡಿಸೋದು ಬಿಟ್ಟ ಮೇಲೆ ಆ 2014ರ ಕಾರು ಹನುಮಂತನಗರದ ಮನೆ ಮುಂದೆ ನಿಂತಿರುತ್ತೆ. ಬೇಕಾದವರು ಗುಂಪಲ್ಲಿ ಒಂದು ಮಾತು ಹೇಳಿ ತಗೊಂಡು ಹೋಗೋದು, ಖರ್ಚು ಮೂರು ಪಾಲು. ಹೋದ ಭಾನುವಾರ ಬೆಳಿಗ್ಗೆ ಚಿಕ್ಕಪ್ಪ 14 ಸೆಕೆಂಡಿನ ಒಂದು ವಿಡಿಯೋ ಹಾಕಿದ್ದೇ ಹಾಕಿದ್ದು, ಊಟದ ಹೊತ್ತಿನ ತನಕ ಫೋನು ಸುಮ್ಮನಾಗಲಿಲ್ಲ. ಗುಡ್ ಮಾರ್ನಿಂಗ್ ಹೂವು, ಸೂರ್ಯ ಎಲ್ಲ ತೆಗೆದು ಇಲ್ಲಿ ಹಾಕಿದ್ದೀನಿ.

ಚಿಕ್ಕಪ್ಪ: ಎಲ್ರೂ ವಿಡಿಯೋ ನೋಡಿ. ಪಾರ್ಕ್ ಲೈಟ್ ಹಾಕಿ ಬ್ರೇಕ್ ತುಳಿದ್ರೆ ಹಿಂದಿನ ಎಡಗಡೆ ಇಂಡಿಕೇಟರ್ ಮಂಕಾಗಿ ಹತ್ಕೊಳ್ಳತ್ತೆ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟೂ ಜೊತೇಲಿ ಮಿಣಮಿಣ ಅನ್ನತ್ತೆ. ನಿನ್ನೆ ತಾನೇ ಬಾಡಿ ಶಾಪಿಂದ ಬಂದಿದ್ದು.

ಚಿಕ್ಕಪ್ಪ: ಅದೂ ಅಲ್ದೆ ಡ್ರೈವರ್ ಕಿಟಕಿ ಒಂದ್ಸಲ ಒತ್ತಿದ್ರೆ ಪೂರ್ತಿ ಮೇಲೆ ಹೋಗ್ತಿತ್ತು, ಈಗ ಒತ್ತಿ ಹಿಡ್ಕೊಂಡೇ ಇರ್ಬೇಕು. ಗಡಿಯಾರ 12 ಗಂಟೆಯಿಂದ ಶುರುವಾಗಿದೆ.

ಅತ್ತೆ: ದೃಷ್ಟಿ. ಆಯುಧಪೂಜೆ ದಿನ ನಿಂಬೆಹಣ್ಣು ಇಡಿ ಅಂದ್ರೆ ಯಾರೂ ಕೇಳ್ಲಿಲ್ಲ.

ದೊಡ್ಡಪ್ಪ: ಟಿಂಕರಿಂಗ್, ಪೇಂಟಿಂಗ್ ಎರಡೂ ಫಸ್ಟ್ ಕ್ಲಾಸ್ ಆಗಿದೆ. ವಿಲ್ಸನ್ ಗಾರ್ಡನ್ನಲ್ಲಿ ಅಂಥಾ ಕೆಲಸ ಇನ್ನೊಬ್ಬ ಮಾಡಲ್ಲ. ನಾನೇ ನೋಡಿ ಬಂದೆ, ಕಂಪನಿ ಪೇಂಟು ಯಾವುದು, ಇವನು ಹೊಡೆದಿದ್ದು ಯಾವುದು ಗೊತ್ತಾಗಲ್ಲ.

ಚಿಕ್ಕಪ್ಪ: ಅಣ್ಣ, ನಾನು ಲೈಟ್ ಬಗ್ಗೆ ಹೇಳ್ತಿದ್ದೀನಿ, ನೀನು ಪೇಂಟ್ ಬಗ್ಗೆ ಹೇಳ್ತೀಯ. ದುಡ್ಡು ವಾಪಸ್ ಕೇಳು.

ದೊಡ್ಡಪ್ಪ: ಕೆಂಗೇರಿಲಿ ರಿವರ್ಸ್ ತಗೊಂಡು ಲೈಟ್ ಕಂಬಕ್ಕೆ ಗುದ್ದಿದವರು ಈಗ ಕರೆಂಟಿನ ಪಾಠ ಮಾಡ್ತಿದ್ದಾರೆ.

(ಚಿಕ್ಕಪ್ಪ ಒಂದು ಮೆಸೇಜ್ ಹಾಕಿ ಅಳಿಸಿದರು. ಅಳಿಸೋಕೆ ಮುಂಚೆ ನಾನು ಓದಿದ್ದೆ, ಅದು ಇಲ್ಲಿ ಬೇಡ.)

ಪುಟ್ಟು: (ಫಾರ್ವರ್ಡ್) ಎಚ್ಚರಿಕೆ!! ಬಾಡಿ ಶಾಪಲ್ಲಿ ನಿಮ್ಮ ಹೊಸ ಬ್ಯಾಟರಿ ತೆಗೆದು ಹಳೇದು ಹಾಕ್ತಾರೆ!! ಎಲ್ಲರಿಗೂ ಕಳಿಸಿ!!

ಚಿಕ್ಕಪ್ಪ: ನೋಡು! ನಾನು ಹೇಳಿದ್ದೇ ಇದು.

ದೊಡ್ಡಪ್ಪ: ನೀನು ಎಲ್ಲಿ ಹೇಳ್ದೆ? ಇನ್ಶೂರೆನ್ಸ್ ಕ್ಲೇಮ್ ಮಾಡಿದ್ರೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ರಿಯಾಯಿತಿ ಹೋಗತ್ತೆ ಅಂತ ಕೈಯಿಂದ 18 ಸಾವಿರ ಕೊಟ್ಟಿದ್ದೀನಿ. ನಿನ್ನ ಪಾಲು ಇನ್ನೂ ಬಂದಿಲ್ಲ.

ಇಲ್ಲಿಗೆ ಮಾವ ಬಂದರು. ಜೀವಮಾನ ಪೂರ್ತಿ ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡಿ ನಿವೃತ್ತರಾದವರು. ಒಂದೊಂದು ಸಾಲಿಗೂ ಒಂದೊಂದು ಮೆಸೇಜ್ ಹಾಕೋದು ಅವರ ಪದ್ಧತಿ, ಒಟ್ಟು ಮಾಡಿದ್ದೀನಿ.

ಮಾವ: ಪುಟ್ಟು, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ವಾರಂಟಿ ಕಾರ್ಡಲ್ಲಿ ಇರತ್ತೆ. ಎರಡರ ಫೋಟೋ ಹಾಕು, ಆಮೇಲೆ ಫಾರ್ವರ್ಡ್ ಮಾಡು.

ಹತ್ತು ನಿಮಿಷ ಆದ ಮೇಲೆ—

ಪುಟ್ಟು: ಅದೇ ನಂಬರ್ ಇದೆ ಮಾವ. ಸಾರಿ.

ಮಾವ: ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ತಂತಿ ಬಿಚ್ಚಲೇಬೇಕು. ಬಿಚ್ಚಿದ್ದಾರೆ, ಒಳ್ಳೇದೇ ಮಾಡಿದ್ದಾರೆ. ಗಡಿಯಾರ, ಕಿಟಕಿ ಎರಡೂ ಅದರಿಂದ. ಕಿಟಕಿಗೆ ತಾನು ಎಲ್ಲಿ ನಿಲ್ಲಬೇಕು ಅನ್ನೋದು ಮರೆತಿದೆ ಅಷ್ಟೆ. ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಮೇಲೆ ಮುಟ್ಟಿದ ಮೇಲೂ ಸ್ವಿಚ್ ಕೆಲವು ಸೆಕೆಂಡ್ ಎಳೆದು ಹಿಡಿ. ಕಲಿತುಕೊಳ್ಳತ್ತೆ.

ಚಿಕ್ಕಪ್ಪ: ಮತ್ತೆ ಲೈಟು, ಭಾವ?

ಮಾವ: ಅದು ಅರ್ಥಿಂಗ್. ಕರೆಂಟ್ ಬಲ್ಬಿಗೆ ಹೋದ್ರೆ ಸಾಲದು, ಕಪ್ಪು ವೈರಲ್ಲಿ ಕಾರಿನ ತಗಡಿಗೆ ವಾಪಸ್ ಬರ್ಬೇಕು. ಹಿಂದಿನ ಲ್ಯಾಂಪಲ್ಲಿ ಪಾರ್ಕ್, ಬ್ರೇಕ್, ಇಂಡಿಕೇಟರ್ ಮೂರಕ್ಕೂ ಒಂದೇ ಕಪ್ಪು ವೈರ್. ರಾಜಕಾಲುವೆ ಮುಚ್ಚಿದ್ರೆ ಮಳೆ ನೀರು ಪಕ್ಕದ ಮನೆಗೆ ನುಗ್ಗಲ್ವಾ? ಹಾಗೆ ಬ್ರೇಕಿನ ಕರೆಂಟು ಇಂಡಿಕೇಟರ್ ಬಲ್ಬಿನ ಒಳಗೆ ಹಿಂದು ಮುಂದಾಗಿ ನುಗ್ಗಿ, ಮುಂದಿನ ಇಂಡಿಕೇಟರ್ ಮೂಲಕ ಅರ್ಥಿಗೆ ಹೋಗ್ತಿದೆ. ಒಂದರ ಪಾಲು ಎರಡು ಬಲ್ಬು ಹಂಚ್ಕೊಂಡ್ರೆ ಮಂಕೇ. ಬ್ರೇಕ್ ತುಳಿದಾಗ ಎಡಗಡೆ ಮುಂದಿನದೂ ಸ್ವಲ್ಪ ಹತ್ತಿರತ್ತೆ, ಹೋಗಿ ನೋಡು.

ಚಿಕ್ಕಪ್ಪ: ...ಹೌದು. ಹತ್ತಿದೆ.

ಅತ್ತೆ: ನಿಂಬೆಹಣ್ಣಿಗೂ ಅರ್ಥಿಂಗಿಗೂ ಜಗಳ ಇಲ್ಲ, ಎರಡೂ ಮಾಡಿ.

ಮಾವ: ಒಂದು ವೈರ್ ತುಂಡು ತಗೊ. ಒಂದು ತುದಿ ಲ್ಯಾಂಪಿಗೆ ವೈರ್ ಸೇರೋ ಕಪ್ಲರಿನ ಕಪ್ಪು ವೈರಿಗೆ, ಇನ್ನೊಂದು ಡಿಕ್ಕಿ ಒಳಗೆ ಪೇಂಟ್ ಇಲ್ಲದ ಬೋಲ್ಟಿಗೆ. ಕಪ್ಪಿಗೇ ಹಾಕು, ಬೇರೆ ಬಣ್ಣಕ್ಕೆ ಹಾಕಿದ್ರೆ ಫ್ಯೂಸ್ ಹೋಗತ್ತೆ. ಇನ್ನೊಂದು ಮಾತು, ಏರ್‌ಬ್ಯಾಗ್ ಲೈಟ್ ಸ್ಟಾರ್ಟ್ ಆದ್ಮೇಲೆ ಆರ್ತಿದೆ ತಾನೇ? ಆರದಿದ್ರೆ ಸೀಟಿನ ಕೆಳಗಿನ ಹಳದಿ ಕಪ್ಲರಿಗೆ ಕೈ ಹಾಕ್ಬೇಡಿ.

ಚಿಕ್ಕಪ್ಪ: ಆರ್ತಿದೆ. ವೈರ್ ಹಾಕ್ದೆ ಭಾವ, ಎಲ್ಲಾ ಸರಿಯಾಗೋಯ್ತು! ತೆಗೆದ್ರೆ ಮತ್ತೆ ಮಂಕು.

ಮಾವ: ಹಾಗಾದ್ರೆ ಕಪ್ಪು ವೈರಿನ ಉಂಗುರ ಕಾರಿನ ತಗಡಿಗೆ ಕೂತಿರೋ ಬೋಲ್ಟ್ ಬಿಚ್ಚು. ಕೆಳಗೆ ಏನಿದೆ?

ಚಿಕ್ಕಪ್ಪ: (ಫೋಟೋ)

ಫೋಟೋದಲ್ಲಿ ಬೋಲ್ಟಿನ ತೂತು, ಸುತ್ತ ಅಪ್ಪಟ ಬಿಳಿ. ಹಾಲಿನ ಕೆನೆ ಹಾಗೆ ಹೊಳೀತಿತ್ತು, ಉಂಗುರ ಒತ್ತಿದ್ದ ಗುರುತು ಕೂಡ ಮೂಡಿರಲಿಲ್ಲ. ದೊಡ್ಡಪ್ಪ ಹೇಳಿದ್ದು ನಿಜ, ಕೆಲಸ ಫಸ್ಟ್ ಕ್ಲಾಸ್. ಬಿಡಬೇಕಾದ ಆ ಒಂದು ಜಾಗಾನೂ ಬಿಡದೆ ಹೊಡೆದಿದ್ದರು.

ಮಾವ: ಪೇಂಟಲ್ಲಿ ಕರೆಂಟ್ ಹರಿಯಲ್ಲ. ಸ್ಯಾಂಡ್ ಪೇಪರಲ್ಲಿ ಉಂಗುರದಷ್ಟು ಜಾಗ ತಗಡು ಕಾಣೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಚೂರು ಗ್ರೀಸ್ ಸವರು. ಇಲ್ದಿದ್ರೆ ತುಕ್ಕು ಬರತ್ತೆ.

ದೊಡ್ಡಪ್ಪ: ಹೊಸ ಪೇಂಟ್ ಉಜ್ಜೋದಾ?!

ಮಾವ: ಡಿಕ್ಕಿ ಮ್ಯಾಟಿನ ಅಡೀಲಿ ಭಾವ. ಯಾರಿಗೂ ಕಾಣಲ್ಲ.

ದೊಡ್ಡಪ್ಪ: ನನಗೆ ಗೊತ್ತಿರತ್ತಲ್ಲ.

ಚಿಕ್ಕಪ್ಪ: ಉಜ್ಜಿ ಆಯ್ತು. ಲೈಟ್ ಸರಿ. ಕಿಟಕೀನೂ ಒಂದೇ ಸಲಕ್ಕೆ ಹೋಗ್ತಿದೆ. ಆದ್ರೂ ಅಂಗಡಿಯವನು ಬ್ರೇಕ್ ತುಳಿದು ಒಂದ್ಸಲ ಹಿಂದೆ ಹೋಗಿ ನೋಡ್ಬೇಕಿತ್ತು.

ದೊಡ್ಡಪ್ಪ: ಅದನ್ನ ಒಪ್ತೀನಿ. ನಾಳೆ ಫೋನ್ ಮಾಡಿ ಹೇಳ್ತೀನಿ. 6 ಸಾವಿರ ಕಳಿಸು.

ಇದಕ್ಕೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮೂರು ಗಂಟೆಗೆ ಅಜ್ಜಿಯ ಧ್ವನಿ ಮೆಸೇಜು.

ಅಜ್ಜಿ: ಪಾಪು ಕಾರಲ್ಲಿ ಕೂತು ಕಿಟಕಿ ಏರ್ಸಿ ಇಳ್ಸಿ ಆಡ್ತಾ ಇದೆ ಕಣ್ರೋ. ಒಂದು ಗಂಟೆಯಿಂದ ಅಳ್ಲೇ ಇಲ್ಲ. ಬೆಳಿಗ್ಗೆ ಮೇಲಕ್ಕೆ ಸರ್ ಅಂತ ಹೋಗ್ತಿತ್ತು, ಈಗ ಯಾಕೋ ನಿಧಾನಕ್ಕೆ ಹೋಗ್ತಿದೆ.

ಮಾವ: ಕೀ ಯಾರೂ ತೆಗ್ದಿಲ್ವಾ?